ತುಂಬಿದ ಉಡಿಯ ತೂಕ

ನನ್ನ ಕಣ್ಣಿಗೆ ಒಂದು ಕೆಟ್ಟ ಚಾಳಿ ಇದೆ. ಎದುರಿಗೆ ಯಾರು ಬಂದು ನಿಂತರೂ ಮೊದಲು ಅವರ ಎತ್ತರ ತೂಕ ಅಂದಾಜು ಮಾಡುತ್ತದೆ, ಮುಖ ನೋಡುವುದು ಆಮೇಲೆ. ಹಳಿಯಾಳದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾಗಿ ಇಷ್ಟು ವರ್ಷ ಮಕ್ಕಳನ್ನು ಗೋಡೆಗೆ ನಿಲ್ಲಿಸಿ, ತೂಕದ ಕಾಟಾದ ಮೇಲೆ ಹತ್ತಿಸಿ ಇಳಿಸಿ ಅಂಟಿಕೊಂಡ ಚಾಳಿ ಇದು. ಮದುವೆಯ ಊಟದ ಪಂಕ್ತಿಯಲ್ಲಿ ಕೂತವರನ್ನೂ ನಾನು ಬಿಟ್ಟವಳಲ್ಲ. 'ನೀ ಒಂದಿನ ಗುಡಿಯಾಗಿನ ದೇವರನ್ನೂ ತೂಗತಿ ನೋಡು' ಎಂದು ನಮ್ಮ ಮನೆಯವರು ಕಾಡಿಸುತ್ತಾರೆ. ಒಂದೆರಡು ಕಿಲೋ ಆಚೀಚೆ ಬಿಟ್ಟರೆ ನನ್ನ ಅಂದಾಜು ತಪ್ಪುವುದಿಲ್ಲ. ಅಕ್ಕನ ವಿಷಯದಲ್ಲೂ ತಪ್ಪಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಅಕ್ಕನನ್ನು ಕೊಟ್ಟಿದ್ದು ಸಾಂಬ್ರಾಣಿಗೆ. ಕಬ್ಬು, ಗೋವಿನಜೋಳ, ನಾಲ್ಕು ಎಮ್ಮೆ ಇರುವ ಮನೆ. ಇದ್ದೊಬ್ಬ ಮಗಳನ್ನು ಮುಂಡಗೋಡಕ್ಕೆ ಕೊಟ್ಟಿದ್ದಳು. ಆ ಹುಡುಗಿಗೆ ತಿಂಗಳು ತಪ್ಪಿದ ಸುದ್ದಿ ಬಂದು ಅಕ್ಕ ಇನ್ನೂ ಓಣಿಯ ತುಂಬ ಸಕ್ಕರೆ ಹಂಚುತ್ತಿದ್ದ ದಿನಗಳಲ್ಲೇ ಅವಳ ಎದೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾಯಿತು. ಅವಳು ಅತ್ತಿದ್ದು ಒಂದೇ ಸಲ. ಕಣ್ಣೊರೆಸಿಕೊಂಡು ನನ್ನ ಹತ್ತಿರ ಹೇಳಿದ ಮಾತು ಇಷ್ಟೇ: "ಮಗಳ ಬಾಣಂತನಕ್ಕ ನನ್ನ ಕಾಲಮ್ಯಾಲೆ ನಾ ನಿಂತಿರಬೇಕ. ಅಷ್ಟ ಮಾಡಿಕೊಡು. ಮುಂದಿಂದು ಆ ಶಿವಗ ಬಿಟ್ಟದ್ದು."

ಅವಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಮೊದಲು ಕರೆದುಕೊಂಡು ಹೋದವಳು ನಾನು. ನರ್ಸು ಅಕ್ಕನನ್ನು ಗೋಡೆಗೆ ನಿಲ್ಲಿಸಿ ಎತ್ತರ ನೋಡಿದಳು, ಕಾಟಾದ ಮೇಲೆ ನಿಲ್ಲಿಸಿ ತೂಕ ನೋಡಿದಳು. ನಾನು ದಿನಾ ಮಾಡುವ ಕೆಲಸ. ಅದನ್ನು ಇನ್ನೊಬ್ಬರು ನನ್ನ ಅಕ್ಕನಿಗೆ ಮಾಡುವಾಗ ಸುಮ್ಮನೆ ನಿಂತು ನೋಡುವುದು ಕಷ್ಟವಾಯಿತು. ಹಿಮ್ಮಡಿ ಗೋಡೆಗೆ ತಾಗಿಲ್ಲ ಎಂದು ಬಾಯಿಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಎತ್ತರ ನೂರೈವತ್ತು ಸೆಂಟಿಮೀಟರ್, ತೂಕ ಐವತ್ತೆರಡು ಕಿಲೋ.

ಡಾಕ್ಟರು ನನಗಿಂತ ಸಣ್ಣ ವಯಸ್ಸಿನ ಹೆಣ್ಣುಮಗಳು. ಸಮಾಧಾನದಿಂದ ಬಿಡಿಸಿ ಹೇಳಿದರು. "ಈ ಔಷಧ ವಯಸ್ಸು ನೋಡಿ ಕೊಡೋದಲ್ಲ, ಬರೀ ತೂಕ ನೋಡಿಯೂ ಅಲ್ಲ. ಮೈಯ ಮೇಲ್ಮೈ ಎಷ್ಟು ಚದರ ಮೀಟರ್ ಅಂತ ಲೆಕ್ಕ ಹಾಕಿ, ಚದರ ಮೀಟರಿಗೆ ಇಷ್ಟು ಅಂತ ಕೊಡ್ತೇವೆ. ಹೆಚ್ಚಾದ್ರೆ ಮೈ ತಡಿಯೋದಿಲ್ಲ, ಕಡಿಮೆಯಾದ್ರೆ ರೋಗ ಬಗ್ಗೋದಿಲ್ಲ."

"ಅಂದ್ರ ಚರ್ಮಾ ಅಳೀತೀರೇನ್ರೀ, ಟೇಲರ್‌ನಂಗ?" ಎಂದಳು ಅಕ್ಕ.

ಡಾಕ್ಟರು ನಕ್ಕರು. ಚರ್ಮ ಅಳೆಯಬೇಕಿಲ್ಲ, ಎತ್ತರ ತೂಕ ಗೊತ್ತಿದ್ದರೆ ಸಾಕು. ಆ ಲೆಕ್ಕ ನನಗೂ ಗೊತ್ತಿತ್ತು. ದೈಹಿಕ ಶಿಕ್ಷಣದ ಕಾಲೇಜಿನಲ್ಲಿ ಒಂದು ಪಾಠವಿತ್ತು. ಓಡುವವನ ಮೈಯ ಬಿಸಿ ಹೊರಗೆ ಹೋಗುವುದು ಚರ್ಮದಿಂದ, ಬೆವರು ಆರುವುದಕ್ಕೂ ಅಷ್ಟು ಜಾಗ ಬೇಕು, ಅದಕ್ಕೇ ಒಂದೇ ತೂಕದ ಇಬ್ಬರಲ್ಲಿ ಎತ್ತರದವನು ಬಿಸಿಲಿನ ಓಟಕ್ಕೆ ಹೆಚ್ಚು ತಾಳುತ್ತಾನೆ ಎಂದು ಹೇಳಿಕೊಟ್ಟಿದ್ದರು. ಸೆಂಟಿಮೀಟರಿನ ಎತ್ತರವನ್ನು ಕಿಲೋ ತೂಕದಿಂದ ಗುಣಿಸಿ, ಮೂರು ಸಾವಿರದ ಆರುನೂರರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಆಯಿತು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ. ಅವತ್ತು ಮೊಬೈಲಿನಲ್ಲಿ ಗುಣಿಸಿ ನೋಡಿದೆ. ಒಂದೂವರೆ ಚದರ ಮೀಟರಿಗೆ ಚೂರು ಕಡಿಮೆ ಬಂತು. ಡಾಕ್ಟರ ಲೆಕ್ಕವೂ ಅದೇ ಆಗಿತ್ತು.

ಮನೆಗೆ ಬಂದ ಮೇಲೆ ಅಕ್ಕ ಬಿಡಲಿಲ್ಲ. ಒಂದೂವರೆ ಚದರ ಮೀಟರ್ ಅಂದರೆ ಎಷ್ಟು ಎಂದು ಕಣ್ಣಿಗೆ ಕಾಣಬೇಕಂತೆ. ನನ್ನ ಚೀಲದಲ್ಲಿ ಟೇಪೂ ಸೀಮೆಸುಣ್ಣವೂ ಯಾವಾಗಲೂ ಇರುತ್ತವೆ. ಪಡಸಾಲೆಯ ಕಡಪಾ ಕಲ್ಲಿನ ಮೇಲೆ ಮೊಳಕಾಲೂರಿ ಕೂತು, ಕಬಡ್ಡಿ ಅಂಕಣದ ಗೆರೆ ಹಾಕುವಷ್ಟೇ ನಿಷ್ಠೆಯಿಂದ ಒಂದು ಚೌಕ ಬರೆದೆ. ಅಕ್ಕ ಅದರ ಸುತ್ತ ಒಂದು ಸುತ್ತು ಬಂದು, ಸೀರೆ ಎತ್ತಿಕೊಂಡು ಒಳಗೆ ಕಾಲಿಟ್ಟು ಕೂತಳು.

"ಇಷ್ಟ ಏನ ನಾನು? ಕೂಸಿಗೆ ಎರಡ ಕೌದಿ ಆಕ್ಕಾವು ನೋಡು ಇದರಾಗ."

ಆಗ ಅವಳು ಹುಟ್ಟಲಿರುವ ಮೊಮ್ಮಗುವಿಗಾಗಿ ಹಳೆಯ ಸೀರೆಗಳ ತುಂಡು ಸೇರಿಸಿ ಕೌದಿ ಹೊಲಿಯುತ್ತಿದ್ದಳು. ಆ ಚೌಕವನ್ನು ಒರೆಸಬೇಡಿ ಎಂದು ಮನೆಯವರಿಗೆಲ್ಲ ತಾಕೀತು ಮಾಡಿ, ಮರುದಿನದಿಂದ ಅದರಲ್ಲೇ ಕೂತು ಹೊಲಿಯತೊಡಗಿದಳು.

ಔಷಧದ ಮೊದಲ ಬಾಟಲಿ ಏರಿದ ಮೇಲೆ ಅವಳ ಕೂದಲು ಹೋಯಿತು, ಬಾಯಿಯ ರುಚಿ ಹೋಯಿತು. ರೊಟ್ಟಿಯ ವಾಸನೆಗೇ ಓಕರಿಕೆ. ಎರಡನೆಯ ಸಲ ಆಸ್ಪತ್ರೆಗೆ ಹೊರಟಾಗ ಓಣಿಯ ಹೆಂಗಸರು ಬಂದು ಅವಳಿಗೆ ಉಡಿ ತುಂಬಿದರು. ನಮ್ಮ ಕಡೆ ಹೆಣ್ಣುಮಗಳು ದೂರದ ದಾರಿಗೆ ಹೊರಟರೆ, ಕಷ್ಟದ ಕೆಲಸಕ್ಕೆ ಹೊರಟರೆ, ಸುಖವಾಗಿ ತಿರುಗಿ ಬರಲೆಂದು ಮುತ್ತೈದೆಯರು ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಎಲೆ ಅಡಿಕೆ ಹಾಕುತ್ತಾರೆ. ಅದನ್ನು ಗಂಟು ಮಾಡಿ ಟೊಂಕಕ್ಕೆ ಸಿಕ್ಕಿಸಿಕೊಳ್ಳಬೇಕು. ತಿರುಗಿ ಮನೆಗೆ ಬಂದು ದೇವರ ಜಗುಲಿಯ ಮುಂದೆ ಕೂತೇ ಬಿಚ್ಚಬೇಕು, ನಡುದಾರಿಯಲ್ಲಿ ಬಿಚ್ಚುವಂತಿಲ್ಲ. ಮುಂದೆ ನಿಂತು ತುಂಬಿಸಿದವಳು ಓಣಿಯ ಹಿರಿಯ ಮುದುಕಿ, ಊರಿಗೆಲ್ಲ ಆಯಿ. ತನ್ನ ಗಂಡ ತೀರಿಕೊಂಡ ಮೇಲೆ ಆಕೆ ಕೈ ಹಚ್ಚುವುದಿಲ್ಲ, ಬೇರೆಯವರ ಕೈಯಿಂದ ಮಾಡಿಸುತ್ತಾಳೆ. ಒಂದು ಕಾಳೂ ಆಚೀಚೆ ಆಗಲು ಬಿಡುವುದಿಲ್ಲ.

ಆ ಸಲ ನನಗೆ ತಾಲೂಕು ಕ್ರೀಡಾಕೂಟ. ಅದರಿಂದ ಆಗಲೂ ಮುಂದಿನ ಸಲವೂ ಜೊತೆಗೆ ಹೋದವರು ಅಕ್ಕನ ಗಂಡ, ನಾನು ಮಾಮಾ ಎನ್ನುವವರು; ಅಲ್ಲಿ ನಡೆದದ್ದು ನನಗೆ ಗೊತ್ತಾದದ್ದು ಆಮೇಲೆ. ಅಕ್ಕ ಉಡಿಯ ಸಮೇತ ಕಾಟಾ ಹತ್ತಿದಳು. ಮೇಲೆ ಶಾಲು ಹೊದ್ದಿದ್ದರಿಂದ ಯಾರಿಗೂ ಕಾಣಲಿಲ್ಲ. ಸಾಲಿನಲ್ಲಿ ಅಷ್ಟು ಜನ ಕಾಯುವಾಗ ಶಾಲು ಹೊದ್ದವಳ ಟೊಂಕದಲ್ಲಿ ಏನಿದೆಯೆಂದು ನೋಡಲು ಯಾರಿಗೆ ಪುರುಸೊತ್ತು? ತೂಕ ಇಳಿದಿಲ್ಲವೆಂದು ಡಾಕ್ಟರು ಖುಷಿಪಟ್ಟು, ಜೊತೆಗೆ ಒಂದು ಮಾತು ಹೇಳಿದರಂತೆ: ತೂಕ ಇಳಿದರೆ ಔಷಧ ಕಡಿಮೆ ಮಾಡಬೇಕಾಗುತ್ತದೆ, ಚೆನ್ನಾಗಿ ಊಟ ಮಾಡಿ.

ಡಾಕ್ಟರು ಹೇಳಿದ್ದು ಊಟ ಮಾಡಲೆಂದು. ಅಕ್ಕನ ಕಿವಿಯಲ್ಲಿ ಉಳಿದದ್ದು ಕಡಿಮೆ ಮಾಡುತ್ತಾರೆ ಎಂಬುದು. ಅದಕ್ಕೆ ಕಾರಣವಿತ್ತು. ಅದೇ ಓಣಿಯ ಒಬ್ಬ ಹೆಣ್ಣುಮಗಳಿಗೆ ಇದೇ ರೋಗ ಬಂದು, ಮೊದಲು ಔಷಧ ಕಡಿಮೆ ಮಾಡಿದರು, ಆಮೇಲೆ ನಿಲ್ಲಿಸಿದರು, ಆಮೇಲೆ ಮನೆಗೆ ಕರೆದುಕೊಂಡು ಹೋಗಿ ಎಂದರು. ಆಕೆಯ ಮಣ್ಣಿಗೆ ಅಕ್ಕ ಹೋಗಿಬಂದಿದ್ದಳು. ಔಷಧ ಕಡಿಮೆ ಮಾಡುವುದೆಂದರೆ ಕೈಬಿಟ್ಟ ಹಾಗೆ ಎಂದು ಸಾಂಬ್ರಾಣಿಯ ಹೆಂಗಸರಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಉಡಿಯಿಂದಲೇ ತೂಕ ನಿಂತಿದ್ದು ಎಂದು ಅಕ್ಕನಿಗೆ ಗೊತ್ತಾಯಿತೋ, ಉಡಿಯ ಪುಣ್ಯದಿಂದ ನಿಂತಿತು ಅಂದುಕೊಂಡಳೋ, ಅವಳನ್ನೇ ಕೇಳಬೇಕಿತ್ತು. ಎರಡೂ ಇರಬಹುದು. ಮೂರನೆಯ ಸಲ ಮಾತ್ರ ಅವಳೇ ಬಾಯಿಬಿಟ್ಟು ಕೇಳಿದಳು: ಉಡಿ ಭಾರವಾಗಿ ತುಂಬಿರಿ, ಎರಡು ತೆಂಗಿನಕಾಯಿ ಇರಲಿ, ಬೆಲ್ಲದ ಅಚ್ಚು ಇರಲಿ. ಹೆಂಗಸರು ಸಂತೋಷದಿಂದಲೇ ತುಂಬಿದರು. ಬೇಡಿದಷ್ಟು ಉಡಿ ತುಂಬುವುದಕ್ಕಿಂತ ಪುಣ್ಯದ ಕೆಲಸ ಯಾವುದಿದೆ?

ಮೂರನೆಯ ಬಾಟಲಿ ಅವಳನ್ನು ಮಲಗಿಸಿಬಿಟ್ಟಿತು. ಬಾಯಿ ತುಂಬ ಹುಣ್ಣು, ನೀರು ನುಂಗಲೂ ಕಣ್ಣೀರು. ಜ್ವರ ಬಂದು ಹುಬ್ಬಳ್ಳಿಯಲ್ಲಿ ಒಂದು ವಾರ ಇರಬೇಕಾಯಿತು. ಬಿಳಿ ರಕ್ತಕಣ ಇಲ್ಲವೆಂಬಷ್ಟು ಇಳಿದಿವೆ ಎಂದರು. ಮನೆಗೆ ಬಂದವಳನ್ನು ನೋಡಲು ಹೋದೆ. ಪಡಸಾಲೆಯಲ್ಲಿ ತನ್ನ ಚೌಕದೊಳಗೆ ಗೋಡೆಗೆ ಒರಗಿ ಕೂತಿದ್ದಳು. ಹೊಲಿಯುತ್ತಿರಲಿಲ್ಲ, ಕೌದಿ ತೊಡೆಯ ಮೇಲಿತ್ತು ಅಷ್ಟೇ. ನನ್ನನ್ನು ನೋಡಿ ಕೈ ಎತ್ತಿದಳು. ಬಳೆಗಳು ಜಾರಿ ಮೊಳಕೈತನಕ ಇಳಿದುಹೋದವು.

ನನ್ನ ಕಣ್ಣು ತನ್ನ ಕೆಲಸ ತಾನು ಮಾಡಿತು. ನಲವತ್ತನಾಲ್ಕು, ಬಹಳ ಅಂದರೆ ನಲವತ್ತೈದು.

"ಹೋದ ಸಲ ತೂಕ ಎಷ್ಟ ಬಂದಿತ್ತು, ಮಾಮಾ?" ಎಂದೆ.

"ಐವತ್ತೊಂದು. ಒಂದ ಕಿಲೋ ಅಷ್ಟ ಇಳದದ. ಛಲೋ ಅಂದ್ರು ಡಾಕ್ಟರು." ಅವರು ಅದನ್ನು ಹೆಮ್ಮೆಯಿಂದ ಹೇಳಿದರು.

ನನ್ನ ಕಣ್ಣು ಸುಳ್ಳಾಗಬೇಕು, ಇಲ್ಲವೇ ಆಸ್ಪತ್ರೆಯ ಕಾಟಾ ಸುಳ್ಳಾಗಬೇಕು. ಹಳಿಯಾಳಕ್ಕೆ ಬಂದು ಶಾಲೆಯ ಕಾಟಾದ ಮೇಲೆ ನಾನೇ ಹತ್ತಿ ಇಳಿದೆ, ಎದುರಿಗೆ ಸಿಕ್ಕ ಹುಡುಗಿಯರನ್ನು ಕಣ್ಣಲ್ಲಿ ತೂಗಿ ಆಮೇಲೆ ಹತ್ತಿಸಿ ನೋಡಿದೆ. ಕಣ್ಣು ಸರಿಯಾಗಿಯೇ ಇತ್ತು. ಮುಂದಿನ ಸಲ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ರಜೆ ಹಾಕಿದೆ.

ಅವತ್ತು ಸಾಂಬ್ರಾಣಿಗೆ ಹೋಗುವಷ್ಟರಲ್ಲಿ ಉಡಿ ತುಂಬಿ ಆಗಿತ್ತು. ಅಕ್ಕ ಶಾಲು ಹೊದ್ದು ಕಾರಿನಲ್ಲಿ ಕೂತಿದ್ದಳು. ಕಲಘಟಗಿಯ ರಸ್ತೆಯುದ್ದಕ್ಕೂ ಒಂದು ಕೈ ಟೊಂಕದ ಮೇಲೇ ಇತ್ತು. ಹೊಟ್ಟೆ ನೋಯುತ್ತಿದೆಯೇನೋ ಅಂದುಕೊಂಡೆ. ಕಾಟಾ ಹತ್ತುವಾಗ ನಾನು ರಟ್ಟೆ ಹಿಡಿದು ಹತ್ತಿಸಿದೆ. ಇಡೀ ರಟ್ಟೆ ನನ್ನ ಮುಷ್ಟಿಯೊಳಗೆ ಅಡಗಿತು. ನರ್ಸು ಐವತ್ತು ಎಂದಳು.

"ಇನ್ನೊಮ್ಮೆ ನೋಡ್ರಿ ಸಿಸ್ಟರ್" ಎಂದೆ.

"ಐವತ್ತs ಐತ್ರೀ."

ನಾನು ಶಾಲು ಸರಿಸಿದೆ. ಉಡಿ ಕಂಡಿತು. ಬಸುರಿ ಹೆಂಗಸಿನ ಹೊಟ್ಟೆಯಷ್ಟು ಇತ್ತು ಅದು. ಅಕ್ಕ ಎರಡೂ ಕೈಯಿಂದ ಅದನ್ನು ಅವಚಿಕೊಂಡಳು.

"ಮುಟ್ಟಬ್ಯಾಡ" ಎಂದಳು.

"ಅಕ್ಕಾ, ಅದನ್ನ ಬಿಚ್ಚಿ ನನ್ನ ಕೈಯಾಗ ಕೊಡು. ತೂಕ ಆದಮ್ಯಾಲೆ ಮತ್ತ ಕಟ್ಟತೇನಿ."

"ದಾರ್ಯಾಗ ಬಿಚ್ಚಬಾರದು. ನಿನಗ ಗೊತ್ತಿಲ್ಲೇನ?"

"ಇದರಿಂದ ಲೆಕ್ಕಾ ತಪ್ಪಾಕತ್ತೈತಿ. ನಿನ್ನ ಮೈಗಿಂತ ಹೆಚ್ಚಿನ ಔಷಧ ಕೊಟ್ಟಾರ ನಿನಗ."

"ಕೊಡಲಿ" ಎಂದಳು ಅಕ್ಕ. "ಹೆಚ್ಚಿಗಿ ಕೊಡಲಿ. ನನಗ ಬದಕಬೇಕಾಗೈತಿ. ಕಡಿಮಿ ಮಾಡಿ ಮನಿಗೆ ಕಳಸಾಕ ಬಂದೀಯೇನ ನೀನು?"

ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ನನಗೆ ಸಿಟ್ಟು ಬಂತು. ಅವಳ ಮೇಲೆ, ಶಾಲಿನ ಒಳಗೆ ಒಮ್ಮೆಯೂ ನೋಡದವರ ಮೇಲೆ, ಬೆಲ್ಲದ ಅಚ್ಚು ತಂದು ಹಾಕಿದ ಓಣಿಯ ಮೇಲೆ, ಇಷ್ಟು ವಾರ ಅವಳ ಪಕ್ಕ ಮಲಗಿ ಎದ್ದೂ ಏನೂ ಕಾಣದ ಮಾಮಾನ ಮೇಲೆ. ನಾನು ಗಂಟಿಗೆ ಕೈ ಹಾಕಿದೆ. ಅವಳು ಬಿಡಲಿಲ್ಲ. ಅಷ್ಟು ಸೊರಗಿದ ಕೈಗಳಿಗೆ ಆ ಬಲ ಎಲ್ಲಿಂದ ಬಂತೋ. ಸೆರಗು ಜಗ್ಗಿ ಗಂಟು ಸಡಿಲಾಯಿತು. ಅಕ್ಕಿ ಕಾಟಾದ ಮೇಲೆ, ನೆಲದ ಮೇಲೆ, ಸಾಲಿನಲ್ಲಿ ನಿಂತವರ ಕಾಲಕೆಳಗೆ ಚೆಲ್ಲಿಹೋಯಿತು. ಒಂದು ತೆಂಗಿನಕಾಯಿ ಉರುಳಿ ಕುರ್ಚಿಗಳ ಕೆಳಗೆ ಸೇರಿಕೊಂಡಿತು. ಅಕ್ಕ ಖಾಲಿ ಸೆರಗು ಹಿಡಿದು ಕಾಟಾದ ಮೇಲೆ ಹಾಗೇ ನಿಂತಿದ್ದಳು. ನರ್ಸು ಬಗ್ಗಿ ಕಾಲಬುಡದ ಅಕ್ಕಿ ಸರಿಸಿ, ನಲವತ್ತನಾಲ್ಕು ಎಂದಳು.

ಡಾಕ್ಟರು ಹಿಂದಿನ ತೂಕ ಬರೆದ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಆಮೇಲೆ ನನ್ನೊಬ್ಬಳನ್ನೇ ಕರೆದು ಕೂರಿಸಿದರು. "ಔಷಧದಲ್ಲಿ ಆದ ವ್ಯತ್ಯಾಸ ತೀರಾ ದೊಡ್ಡದಲ್ಲ. ಇದರಿಂದಲೇ ಹೀಗಾಯ್ತು ಅಂತ ನಾನು ಹೇಳಲಾರೆ. ಆದರೆ ಇಷ್ಟು ತೂಕ ಇಳಿದಿದ್ದು ಗೊತ್ತಾಗಿದ್ರೆ ಮೊದಲೇ ನಿಲ್ಲಿಸಿ, ಮೈ ಸುಧಾರಿಸಿಕೊಳ್ಳಲಿ ಅಂತ ಕಾಯ್ತಿದ್ವಿ. ಅದು ಗೊತ್ತಾಗಲಿಲ್ಲ." ಇನ್ನು ಮುಂದೆ ಮೇಲಿನ ಬಟ್ಟೆ, ಚೀಲ ಎಲ್ಲ ತೆಗೆಸಿಯೇ ತೂಗಿ ಎಂದು ನರ್ಸಿಗೂ ಹೇಳಿದರು. ಅವತ್ತು ಬಾಟಲಿ ಏರಿಸಲಿಲ್ಲ. ಹೊಸ ಲೆಕ್ಕದ ಔಷಧ ಮೂರು ವಾರ ಬಿಟ್ಟು ಎಂದರು. ನಾನು ಹೊರಗೆ ಬಂದು ನೆಲದ ಅಕ್ಕಿಯನ್ನು ಆದಷ್ಟು ಬಳಿದು ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಅದನ್ನು ಅಕ್ಕನಿಗೆ ಕೊಡಲು ಹೋದರೆ ಕೈ ಚಾಚಲಿಲ್ಲ.

ಕಾರಿನಲ್ಲಿ ಕಲಘಟಗಿ ದಾಟುವವರೆಗೆ ಅವಳು ಕಿಟಕಿಯ ಕಡೆಗೇ ಮುಖ ಮಾಡಿದ್ದಳು.

"ನನ್ನ ಉಡಿ ಬರಿದ ಮಾಡಿದಿ" ಎಂದಳು ಆಮೇಲೆ. ಬೈಗುಳವಾಗಿ ಅಲ್ಲ, ಆದದ್ದನ್ನು ಹೇಳುವ ದನಿಯಲ್ಲಿ.

ಮನೆಯಲ್ಲಿ ನಾನು ಮತ್ತೆ ಟೇಪು ತೆಗೆದೆ. ಎಂಥ ಹುಚ್ಚೋ. ಲೆಕ್ಕ ತೋರಿಸಿದರೆ ಮನುಷ್ಯರಿಗೆ ಸಮಾಧಾನವಾಗುತ್ತದೆ ಎಂದು ನಂಬಿಕೊಂಡೇ ಮೇಷ್ಟ್ರಾದವಳು ನಾನು. ಮಾಸಿದ ಹಳೆಯ ಚೌಕದೊಳಗೆ, ಒಂದು ಮೂಲೆ ಹಿಡಿದು, ನಲವತ್ತನಾಲ್ಕು ಕಿಲೋದ ಚೌಕ ಬರೆದೆ. ಎರಡು ಬದಿಯಲ್ಲಿ ಮೂರು ಬೆರಳಿನಗಲದ ಪಟ್ಟಿ ಉಳಿಯಿತು.

"ಇಲ್ಲಿ ನೋಡಕ್ಕಾ. ಮೂರ ಬೆರಳ. ಇಷ್ಟs ಕಡಿಮಿ ಮಾಡೂದು ಅವರು. ಯಾರೂ ನಿನ್ನ ಕೈ ಬಿಟ್ಟಿಲ್ಲ."

ಅವಳು ಕಷ್ಟಪಟ್ಟು ಬಗ್ಗಿ, ಆ ಪಟ್ಟಿಯ ಮೇಲೆ ಮೂರು ಬೆರಳಿಟ್ಟು ನೋಡಿದಳು. "ನಿನಗ ಅದು ಮೂರ ಬೆರಳ" ಎಂದಷ್ಟೇ ಹೇಳಿ ಎದ್ದು ಒಳಗೆ ಹೋದಳು. ಮತ್ತೆ ಆ ಚೌಕದಲ್ಲಿ ಕೂರಲಿಲ್ಲ. ಯಾರು ಒರೆಸಿದರೋ, ಮುಂದಿನ ವಾರ ಹೋದಾಗ ನೆಲ ಕರ್ರಗೆ ಹೊಳೆಯುತ್ತಿತ್ತು.

ಹೊಸ ಲೆಕ್ಕದ ಔಷಧ ಒಮ್ಮೆ ಏರಿತು. ಆ ಸಲ ಉಡಿ ತುಂಬಲು ಬಂದವರನ್ನು ಅವಳು ಬಾಗಿಲಲ್ಲೇ ತಡೆದು ಬೇಡ ಎಂದಳಂತೆ. ಬಾಯಿಯ ಹುಣ್ಣು ಆರಿತು, ಜ್ವರ ಬರಲಿಲ್ಲ. ಮೈ ತಡೆದುಕೊಂಡಿತು ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಅವಳು ಮಾತ್ರ ತಟ್ಟೆಯ ಮುಂದೆ ಕೂತು, ಅನ್ನವನ್ನು ಬೆರಳಿನಿಂದ ಆಚೆ ಈಚೆ ಸರಿಸಿ ಎದ್ದುಬಿಡುತ್ತಿದ್ದಳು. ಕೌದಿಯ ಕೊನೆಯ ಅಂಚು ಹಾಗೇ ಉಳಿಯಿತು. ಮುಂದಿನ ಸ್ಕ್ಯಾನಿನಲ್ಲಿ ರೋಗ ಯಕೃತ್ತಿಗೆ ಇಳಿದದ್ದು ಕಂಡಿತು. ಔಷಧ ಕಡಿಮೆ ಮಾಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಮೊದಲಿನಿಂದಲೇ ಒಳಗೆ ನಡೆದಿದ್ದಿರಬೇಕು ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ನಾನು ನಂಬಿದೆ. ಸಾಂಬ್ರಾಣಿಯ ಓಣಿ ನಂಬಲಿಲ್ಲ. ಕಡಿಮೆ ಮಾಡಿಸಿದವಳು ಒಡಹುಟ್ಟಿದ ತಂಗಿಯೇ ಎಂಬ ಮಾತು ಬಾವಿಯ ಕಟ್ಟೆಯಿಂದ ಹಾಲಿನ ಡೇರಿಯ ತನಕ ಓಡಾಡಿ ನನ್ನ ಕಿವಿಗೂ ಬಂತು. ಹೇಳಿದವಳನ್ನು ಹುಡುಕಿಕೊಂಡು ಹೋಗಿ ಜಗಳ ತೆಗೆದೆ. ಆಕೆ ಅತ್ತುಬಿಟ್ಟಳು, ನಾನೂ ಅತ್ತೆ.

ನಾನು ಮಾಡಿದ್ದು ಸರಿ. ಇವತ್ತು ಅದೇ ಕಾಟಾದ ಮುಂದೆ ನಿಲ್ಲಿಸಿದರೂ ಆ ಗಂಟಿಗೆ ಕೈ ಹಾಕುತ್ತೇನೆ. ಸುಳ್ಳು ತೂಕದ ಮೇಲೆ ವಿಷದಂಥ ಔಷಧ ಅಳೆಯಲು ಬಿಡುವುದು ಹೇಗೆ? ಆದರೆ ಸರಿ ಮಾಡಿದ್ದೇನೆ ಎಂಬುದು ನನ್ನ ಯಾವ ಕೆಲಸಕ್ಕೂ ಬರಲಿಲ್ಲ. ಅವಳು ನನ್ನನ್ನು ನೋಡುತ್ತಿದ್ದ ರೀತಿ ಬದಲಾಗಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೋದರೆ ಬಾ ಎನ್ನುತ್ತಿದ್ದಳು, ಚಹಾ ಕುಡಿ ಎನ್ನುತ್ತಿದ್ದಳು, ಊರವರ ಜೊತೆ ಆಡುವಂತೆ ಮಾತಾಡುತ್ತಿದ್ದಳು. ನನಗೆ ಅಮ್ಮನಂತಿದ್ದವಳು.

ಮಗಳಿಗೆ ಏಳು ತುಂಬಿ ಎಂಟರಲ್ಲಿ ಬಿದ್ದಾಗ, ಒಂದು ಬೆಳಿಗ್ಗೆ, ಎಮ್ಮೆ ಕರೆಯುವ ಹೊತ್ತಿಗೆ ಅಕ್ಕ ಹೋದಳು. ನಾನು ಬಂದು ತಲುಪುವಷ್ಟರಲ್ಲಿ ಅವಳನ್ನು ಪಡಸಾಲೆಯಲ್ಲಿ, ಚೌಕ ಬರೆದಿದ್ದ ಜಾಗದಲ್ಲೇ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹಸಿರು ಸೀರೆ, ಹಣೆಯ ತುಂಬ ವಿಭೂತಿ, ಕುಂಕುಮ. ಬೋಳಾದ ತಲೆಗೆ ಸೆರಗು ಹೊದಿಸಿ ಮೇಲೆ ಹೂವಿನ ದಂಡೆ ಇಟ್ಟಿದ್ದರು. ಕೊರಳಲ್ಲಿ ಲಿಂಗದ ಕರಡಿಗೆ ನೇತಾಡುತ್ತಿತ್ತು. ಮುತ್ತೈದೆಯ ಸಾವು ಪುಣ್ಯವಂತಳ ಸಾವು ಎಂದು ಬಂದವರೆಲ್ಲ ಹೇಳುತ್ತಿದ್ದರು. ಹಾಗೆ ಹೋದವಳಿಗೆ ಮಣ್ಣಿಗೆ ಒಯ್ಯುವ ಮೊದಲು ಉಡಿ ತುಂಬಬೇಕು. ಮೊದಲ ಕೈ ಮಗಳದ್ದಾಗಬೇಕಿತ್ತು. ತುಂಬಿದ ಬಸುರಿ ಹೆಣದ ಹತ್ತಿರ ಬರಬಾರದೆಂದು ಅವಳನ್ನು ಹೊರಗಿನ ಕಟ್ಟೆಯಲ್ಲೇ ಕೂರಿಸಿದ್ದರು. ಅಲ್ಲಿಂದ ಅವಳು ಅಳುವುದು ಕೇಳುತ್ತಿತ್ತು.

ಆಯಿ ಸುತ್ತ ನೋಡಿ ನನ್ನನ್ನು ಕರೆದಳು. "ಬಾರವ್ವ. ನೀನs ಮೊದಲ ತುಂಬು."

ಹೆಂಗಸರು ದಾರಿ ಬಿಟ್ಟರು. ಕೆಲವರು ಮುಖ ತಿರುಗಿಸಿಕೊಂಡರು. ನಾನು ಅಕ್ಕನ ಎದುರಿಗೆ ಮೊಳಕಾಲೂರಿ ಕೂತೆ. ಇಬ್ಬರು ಅವಳ ಸೆರಗನ್ನು ತೊಡೆಯ ಮೇಲೆ ಹರಡಿ ಹಿಡಿದರು. ಕಣ್ಣು ಬೇಡವೆಂದರೂ ತೂಗಿತು. ಮೂವತ್ತಾರು ಇರಬಹುದು, ಅಷ್ಟೂ ಇರಲಿಕ್ಕಿಲ್ಲ. ಮೊರದಲ್ಲಿ ಅಕ್ಕಿ ಇತ್ತು. ಬೊಗಸೆ ತುಂಬ ಹಾಕಿದೆ. ಕೊಬ್ಬರಿ ಬಟ್ಟಲು ಇಟ್ಟೆ, ಉತ್ತತ್ತಿ, ಅರಿಷಿಣದ ಕೊಂಬು, ಎಲೆ ಅಡಿಕೆ ಇಟ್ಟೆ. ಮತ್ತೊಂದು ಬೊಗಸೆ ಅಕ್ಕಿ ಹಾಕಿದೆ. ತೆಂಗಿನಕಾಯಿ ಒಂದಿತ್ತು, ಇನ್ನೊಂದು ತನ್ನಿ ಎಂದೆ. ಬೆಲ್ಲದ ಅಚ್ಚು ಎಲ್ಲಿ ಎಂದೆ. ಯಾರೋ ಅಡುಗೆಮನೆಯಿಂದ ತಂದುಕೊಟ್ಟರು. ಹಾಕಿದೆ. ಹಳಿಯಾಳದ ಮನೆಯಲ್ಲಿ ಅಷ್ಟು ದಿನ ಕಟ್ಟಿಟ್ಟು, ಬರುವಾಗ ತಂದಿದ್ದ ಕರವಸ್ತ್ರದ ಗಂಟನ್ನು ಬಿಚ್ಚಿ, ಆಸ್ಪತ್ರೆಯ ನೆಲದಿಂದ ಬಳಿದ ಅಕ್ಕಿಯನ್ನೂ ಹಾಕಿದೆ. ಆಮೇಲೆ ಮತ್ತೆ ಮೊರಕ್ಕೆ ಕೈ ಹಾಕಿದೆ. ಸೆರಗು ಹಿಡಿದವರ ಕೈ ಜಗ್ಗಿ ಕೆಳಗಿಳಿಯುತ್ತಿತ್ತು.

ಆಯಿ ಬಂದು ನನ್ನ ಮಣಿಕಟ್ಟು ಹಿಡಿದಳು.

"ಸಾಕ ಬಿಡವ್ವ. ಭಾರ ಆಕ್ಕೈತಿ ಆಕಿಗೆ."

"ಆಗಲಿ ಆಯಿ" ಎಂದು ಇನ್ನೊಂದು ಬೊಗಸೆ ಹಾಕಿದೆ.